ತೆರೆಯ ಹಿಂದೆ ಬರೆದ ಗೆರೆ

ಬಾಗಿಲಿಗೆ ನೀರು ಹಾಕಿ, ಚುಕ್ಕಿ ಇಟ್ಟು, ಗೆರೆ ಸುತ್ತುತ್ತಾ ಅರ್ಧಕ್ಕೆ ಬಂದಿದ್ದೆ. ಒಳಗೆ ನಡುಮನೆಯ ಬಲ್ಬು ಹೊತ್ತಿಕೊಂಡಿತು. ಕರೆಂಟ್ ಬಂತೆಂದರೆ ನಮ್ಮ ಮನೆಯಲ್ಲಿ ಮಿಕ್ಕ ಕೆಲಸವೆಲ್ಲ ಇದ್ದಲ್ಲೇ ನಿಲ್ಲುತ್ತದೆ. ರಂಗೋಲಿ ಬಟ್ಟಲನ್ನು ಹೊಸ್ತಿಲ ಪಕ್ಕಕ್ಕಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಓಡಿದೆ.

“ಅರ್ಧಕ್ಕೇ ಬುಟ್ಬುಟ್ಟು ಓದ್ಯಾ?” ಜಗಲಿಯಲ್ಲಿ ಕೂತಿದ್ದ ಅತ್ತೆ ಪುಟ್ಟಮಲ್ಲಮ್ಮ ಕೂಗಿದರು. “ಬೀದೀಲಿ ಓಗೋರ್ಗೆಲ್ಲ ಕಾಣ್ತದೆ ಕಣಮ್ಮಿ. ಚುಕ್ಕಿಗಳು ಬಾಯ್ ಬುಟ್ಕೊಂಡು ಕೂತವೆ.”

“ನೀವೇ ಮುಗಿಸಿಬಿಡಿ ಅತ್ತೆ. ಎಷ್ಟೊತ್ತು ಇರುತ್ತೋ ಏನೋ.”

“ನನ್ನ ಸೊಂಟ ಬಗ್ಗೋ ಹಂಗಿದ್ರೆ ನಿನ್ನ ಯಾಕಮ್ಮಿ ಕೇಳ್ತಿದ್ದೆ. ಗಂಡ ಇರೋದು ಕರೆಂಟ್ ಆಪೀಸ್ನಲ್ಲಿ, ಎಡ್ತಿ ಕರೆಂಟ್ಗೆ ಓಡ್ತಾಳೆ. ಸರ್ಯಾಗದೆ ಸಂಸಾರ.”

ಕಂಪ್ಯೂಟರ್ ಇದ್ದದ್ದು ನಡುಮನೆಯ ಮೂಲೆಯಲ್ಲಿ, ಮೊದಲು ಹೊಲಿಗೆ ಯಂತ್ರ ಇಡುತ್ತಿದ್ದ ಮೇಜಿನ ಮೇಲೆ. ಗುಂಡ್ಲುಪೇಟೆಯಿಂದ ನಾನು ದಿನವೂ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ, ವೃಷಭೇಂದ್ರಪ್ಪನವರ ಕಂಪ್ಯೂಟರ್ ಸೆಂಟರಿನಲ್ಲಿ ಹುಡುಗ ಹುಡುಗಿಯರಿಗೆ ಪಾಠ ಹೇಳುತ್ತಿದ್ದೆ. ಅದು ತೊಂಬತ್ತೆಂಟನೆಯ ಇಸವಿಯ ಬೇಸಿಗೆ. ಸೆಂಟರಿಗೆ ಹೊಸ ಯಂತ್ರಗಳು ಬಂದಾಗ ಹಳೆಯದೊಂದನ್ನು ಅವರು ನನಗೆ ಕೊಟ್ಟಿದ್ದರು. ಕೇಳಿಕೊಂಡಿದ್ದಕ್ಕೆ, ಮೈಕು ಸಿಕ್ಕಿಸಲು ಬರುವ ಸೌಂಡ್ ಕಾರ್ಡನ್ನೂ ಹಾಕಿಸಿಕೊಟ್ಟಿದ್ದರು. ಅದು ಯಾರಿಗಾಗಿ ಎಂದು ಅವರಿಗೆ ಗೊತ್ತಿತ್ತು.

ನಮ್ಮ ನಯನಾಗೆ ಆಗ ಆರು ವರ್ಷ. ಹುಟ್ಟಿನಿಂದಲೇ ಕಿವಿ ಮಂದ. ಎದೆಯ ಮೇಲೆ ಬಟ್ಟೆಯ ಚೀಲದಲ್ಲಿ ಕಿವಿಯಂತ್ರದ ಡಬ್ಬಿ, ಅದರಿಂದ ಕಿವಿಗೆ ಹೋಗುವ ವೈರು. ಅದನ್ನು ಹಾಕಿಕೊಂಡರೆ ಬಸ್ಸಿನ ಹಾರನ್ನು, ಪಾತ್ರೆ ಬಿದ್ದ ಸದ್ದು ಕೇಳುತ್ತಿತ್ತು. ಎದುರು ಕೂತು ಹೇಳಿದರೆ ಮಾತಿನಲ್ಲೂ ಒಂದಷ್ಟು ಸಿಗುತ್ತಿತ್ತು. ಸಿಗದ್ದನ್ನು ತುಟಿ ನೋಡಿ ತುಂಬಿಕೊಳ್ಳುತ್ತಿದ್ದಳು. ಆದರೆ ತನ್ನದೇ ದನಿ ಹೇಗೆ ಬರುತ್ತಿದೆ, ಜೋರೋ ಮೆಲ್ಲಗೋ, ಅದು ಅವಳಿಗೆ ತಿಳಿಯುತ್ತಿರಲಿಲ್ಲ. ತಿಳಿಯದ್ದರಿಂದ ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು. ಬೇಕಾದ್ದಕ್ಕೆ ಬೆರಳು ತೋರಿಸುವಳು, ಕೊಡದಿದ್ದರೆ ಸುಮ್ಮನಾಗುವಳು. ಹಠ ಮಾಡುವ ಮಗುವಾಗಿದ್ದರೆ ನನಗೆ ಇಷ್ಟು ದಣಿವಾಗುತ್ತಿರಲಿಲ್ಲ.

ನಾನು ಬರೆಯುತ್ತಿದ್ದದ್ದು ದನಿಯನ್ನು ಗೆರೆಯಾಗಿ ತೋರಿಸುವ ಒಂದು ಪ್ರೋಗ್ರಾಂ. ಮೈಕಿನ ಮುಂದೆ ಸುಮ್ಮನಿದ್ದರೆ ಸ್ಕ್ರೀನಿನ ಮೇಲೆ ಗೆರೆ ನೆಟ್ಟಗೆ ಮಲಗಿರುತ್ತದೆ. ‘ಪ’ ಎಂದರೆ ಒಂದು ಮೊನೆ ಎದ್ದು ಇಳಿಯುತ್ತದೆ. ‘ಮಾ’ ಎಂದರೆ ಗೆರೆ ಮೈತುಂಬಿಕೊಂಡು ಉದ್ದಕ್ಕೆ ಹೋಗುತ್ತದೆ. ಕಿವಿಗೆ ಸಿಗದ ದನಿ ಕಣ್ಣಿಗಾದರೂ ಸಿಗಲಿ ಎಂಬುದು ನನ್ನ ಲೆಕ್ಕಾಚಾರ. ಮೈಸೂರಿನಲ್ಲಿ ನಯನಾಗೆ ಮಾತು ಕಲಿಸುವ ಮೇಡಂ ಅಂಥದೊಂದು ಯಂತ್ರವನ್ನು ತೋರಿಸಿದ್ದರು. ಅದು ಅಲ್ಲಿತ್ತು, ನಾವು ಇಲ್ಲಿದ್ದೆವು.

ಬೇಸಿಗೆ ಮುಗಿಯುವುದರೊಳಗೆ ಅದು ಕೆಲಸ ಮಾಡಲೇಬೇಕಿತ್ತು. ನಮ್ಮ ಬೀದಿಯ ಕೊನೆಯಲ್ಲಿರುವ ಶಾಲೆಯ ಹೆಡ್‌ಮಿಸ್ ಒಳ್ಳೆಯವರೇ. ಕೂರಿಸಿ, ಕಾಫಿ ಕೊಟ್ಟು ಹೇಳಿದ್ದರು: “ನೋಡಮ್ಮ, ಪಾಠ ಹಿಂದೆ ಬಿದ್ರೆ ಬೀಳ್ಲಿ, ಪರವಾಗಿಲ್ಲ. ಆದ್ರೆ ನೀರು ಬೇಕು, ಹೊರಗೆ ಹೋಗ್ಬೇಕು, ತಿಳೀಲಿಲ್ಲ ಅಂತ ಬಾಯ್ಬಿಟ್ಟು ಕೇಳಕ್ಕೆ ಬರ್ಬೇಕು. ಕೇಳದೇ ಇರೋ ಮಗೂನ ಅಷ್ಟು ಮಕ್ಕಳ ಮಧ್ಯೆ ನಾನು ಹೆಂಗೆ ನೋಡ್ಕೊಳ್ಲಿ? ಸ್ಕೂಲು ಶುರುವಾಗೋದ್ರೊಳಗೆ ಅವಳಾಗಿ ಅವಳು ಒಂದು ಮಾತು ಕೇಳ್ಲಿ. ಕಣ್ಮುಚ್ಕೊಂಡು ಸೇರಿಸ್ಕೊಳ್ತೀನಿ.”

ಇಲ್ಲದಿದ್ದರೆ ಮೈಸೂರಿನ ಕಿವುಡು ಮಕ್ಕಳ ಶಾಲೆ, ಅಲ್ಲೇ ಹಾಸ್ಟೆಲ್ಲು. ನಮ್ಮ ಯಜಮಾನರು, ಇವರು, ಹೋಗಿ ಜಾಗ ಹೇಳಿ ಬಂದಿದ್ದರು. ಸಂತೆಯಿಂದ ಒಂದು ನೀಲಿ ತಗಡಿನ ಟ್ರಂಕನ್ನೂ ತಂದಿದ್ದರು. ಬೋರ್ಡು ಬರೆಯುವವನ ಕೈಲಿ ಅದರ ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ‘ನಯನಾ’ ಎಂದು ಬರೆಸಿ, ಕೋಣೆಯ ಮೂಲೆಯಲ್ಲಿಟ್ಟು ಹಳೆಯ ಬೆಡ್‌ಶೀಟು ಹೊದಿಸಿದ್ದರು.

“ಈಗ್ಲೇ ತೋರ್ಸಿ ಯಾಕೆ ಅಳಿಸೋದು?” ಎಂದಿದ್ದರು ಇವರು. “ಬಟ್ಟೆಬರೆ ಎಲ್ಲ ಅವಳಿಗೆ ಕಾಣದ ಹಂಗೆ ಸಿದ್ಧ ಮಾಡ್ಕೊಳನ. ಆ ದಿನ ಒಂದೇ ಸಲ ತೋರ್ಸಿ ಕರ್ಕೊಂಡು ಹೋಗನ.”

ಅವರಿಗೂ ಬೇಡವಾಗಿತ್ತು. ಟ್ರಂಕು ಹೊತ್ತು ತಂದ ದಿನ ಅವರು ಊಟ ಮಾಡಲಿಲ್ಲ. ಅದಕ್ಕೇ ನಾನು ಎದುರು ಮಾತಾಡಲಿಲ್ಲ.

ಅತ್ತೆಯ ಬಾಯಲ್ಲಿ ಮಾತ್ರ ಗುಟ್ಟು ನಿಲ್ಲುವುದಿಲ್ಲ. ನಯನಾ ಎದುರಿಗೇ ಕೂತು ಕಡಲೆಪುರಿ ತಿನ್ನುತ್ತಿರುವಾಗಲೇ ಹೇಳುವರು: “ಪೆಟ್ಗೆ ಒಳ್ಗೆ ಬೇವಿನ್ಸೊಪ್ಪು ಆಕಮ್ಮಿ, ಇಲ್ದಿದ್ರೆ ಉಳ ಬೀಳ್ತವೆ. ಪೆಟ್ಗೆ ಬೀಗ ಎಲ್ಲಿ?” ಮಗುವಿಗೆ ಕೇಳುವುದಿಲ್ಲವಲ್ಲ ಎಂದು ನಾವು ಅವಳ ಮುಂದೆಯೇ ಎಲ್ಲ ಮಾತಾಡುತ್ತಿದ್ದೆವು. ತುಟಿ ನೋಡು, ತುಟಿ ನೋಡು ಎಂದು ದಿನವೆಲ್ಲ ಅವಳಿಗೆ ಕಲಿಸುತ್ತಿದ್ದವಳೂ ನಾನೇ.

ಪ್ರೋಗ್ರಾಮಿನ ತೊಂದರೆ ಒಂದೇ, ಅದು ಮಿನುಗುತ್ತಿತ್ತು.

ಕಂಪ್ಯೂಟರಿನ ವಿಂಡೋಗೆ ಸ್ವಂತ ನೆನಪಿರುವುದಿಲ್ಲ. ಅದರ ಮೇಲೆ ಇನ್ನೊಂದು ವಿಂಡೋ ಬಂದು ಸರಿದರೆ ಕೆಳಗೆ ಬರೆದದ್ದು ಹೋಗಿರುತ್ತದೆ. ಆಗ ಯಂತ್ರ ನನ್ನ ಪ್ರೋಗ್ರಾಮಿಗೆ ‘ಮತ್ತೆ ಬರಿ’ ಎಂದು ಹೇಳಿ ಕಳಿಸುತ್ತದೆ. ಎಷ್ಟು ಸಲ ಕೇಳಿದರೂ ಬೇಸರವಿಲ್ಲದೆ ಬರೆಯಬೇಕು. ಅದು ನನಗೆ ಕಷ್ಟವೆನಿಸಲಿಲ್ಲ, ನಿನ್ನೆ ಹೇಳಿಕೊಟ್ಟ ಮಾತನ್ನು ಇವತ್ತು ಮೊದಲಿಂದ ಹೇಳಿಕೊಟ್ಟು ರೂಢಿಯಾಗಿತ್ತು. ಆದರೆ ಪ್ರತಿ ಸಲವೂ ಹೊಸದನ್ನು ಬರೆಯುವ ಮೊದಲು ಯಂತ್ರ ವಿಂಡೋವನ್ನೆಲ್ಲ ಬಿಳಿಯಾಗಿ ಒರೆಸುತ್ತಿತ್ತು. ದನಿಯ ಗೆರೆ ಓಡಬೇಕಾದರೆ ಒರೆಸು, ಬರೆ, ಒರೆಸು, ಬರೆ. ಒರೆಸಿದ್ದಕ್ಕೂ ಬರೆದದ್ದಕ್ಕೂ ನಡುವಿನ ಬಿಳುಪು ಕಣ್ಣಿಗೆ ಚುಚ್ಚುತ್ತಿತ್ತು. ದೊಡ್ಡವರಿಗೆ ಅದು ಬರೀ ಕಿರಿಕಿರಿ. ಕಣ್ಣಿನಲ್ಲೇ ಕೇಳುವ ಮಗುವಿಗೆ, ಪಾಠದ ನಡುವೆ ಯಾರೋ ಪಕ್ಕದಲ್ಲಿ ತಗಡು ಬಡಿದ ಹಾಗೆ. ನಯನಾ ಒಂದು ಗಳಿಗೆ ನೋಡುವಳು, ಆಮೇಲೆ ಮುಖ ತಿರುಗಿಸಿ ನನ್ನ ಮಡಿಲಲ್ಲಿ ಹುದುಗಿಸುವಳು.

ಆ ಬೆಳಿಗ್ಗೆ, ರಂಗೋಲಿ ಅರ್ಧಕ್ಕೆ ಬಿಟ್ಟು ಬಂದು ಕೂತಾಗಲೂ ಅದೇ ಆಯಿತು. “ಪ ಅನ್ನು ಮಗ, ಪ,” ಎಂದೆ. ಅವಳು ಸ್ಕ್ರೀನ್ ಕಡೆಗೆ ಓರೆಗಣ್ಣು ಹಾಯಿಸಿ, ಬಾಯಿ ಬಿಡದೆ, ಮೈಕನ್ನು ಬೆರಳಿನಿಂದ ಟಪ್ ಎಂದು ತಟ್ಟಿದಳು. ಗೆರೆ ಮೊನೆಯಾಗಿ ಎದ್ದು ಇಳಿಯಿತು, ‘ಪ’ ಅಂದ ಹಾಗೆಯೇ. ಕೆಲಸ ಮುಗಿಯಿತು ಎಂಬಂತೆ ನನ್ನ ಮುಖ ನೋಡಿದಳು.

ಬಾಗಿಲಲ್ಲಿ ನಿಂತಿದ್ದ ಅತ್ತೆ ನಕ್ಕರು. “ಬುದ್ವಂತೆ ಕಣಮ್ಮಿ ನಿನ್ನ ಮಗ್ಳು. ಬಾಯಿ ನೋಯ್ಸ್ಕೊಳ್ದೆ ಕೈಲೇ ಮಾತಾಡ್ತಾಳೆ. ನಿನ್ನ ಮಿಸಿನ್ನೇ ಯಾಮಾರ್ಸ್‌ಬುಟ್ಳು.”

ನಾನೂ ನಕ್ಕೆ. ಅಷ್ಟರಲ್ಲಿ ಕರೆಂಟ್ ಹೋಯಿತು.

ಬಸ್ಸಿನಲ್ಲಿ ಜಾಗ ಸಿಕ್ಕರೆ ತೆರಕಣಾಂಬಿಯವರೆಗೂ ಆ ಮಿನುಗಿನದೇ ಯೋಚನೆ. ಅಲ್ಲಿಂದ ಮುಂದೆ ಟೊಮೊಟೊ ಬುಟ್ಟಿ ಹತ್ತಿಸುವವರ ಗಲಾಟೆಯಲ್ಲಿ ಯೋಚನೆ ಕಡಿದುಹೋಗುತ್ತಿತ್ತು. ಮೊದಲು ಒರೆಸುವುದನ್ನೇ ನಿಲ್ಲಿಸಿ ನೋಡಿದೆ. ಮಿನುಗು ಹೋಯಿತು, ಆದರೆ ಹಳೆಯ ಗೆರೆಗಳ ಮೇಲೆ ಹೊಸ ಗೆರೆಗಳು ಬಿದ್ದು ಸ್ಕ್ರೀನ್ ಸಿಕ್ಕಾದ ದಾರದುಂಡೆಯಾಯಿತು. ಆಮೇಲೆ ಗೆರೆ ಮುಂದಕ್ಕೆ ಬೆಳೆಯುವ ತುದಿಯನ್ನಷ್ಟೇ ಒರೆಸಿ ಬರೆಯುವ ಹಾಗೆ ಮಾಡಿದೆ. ಮಿನುಗು ಆ ತುದಿಗೆ ಬಂದು ಸೇರಿಕೊಂಡಿತು. ಮಗು ನೋಡಬೇಕಾದದ್ದು ಆ ತುದಿಯನ್ನೇ.

“ಮಿನುಗಿದ್ರೆ ಮಿನುಗ್ಲಿ ಬುಡವ್ವ,” ಎಂದರು ವೃಷಭೇಂದ್ರಪ್ಪನವರು, ನನ್ನ ಮುಖ ನೋಡಲಾರದೆ. “ನಮ್ಮನೆ ಟಿ.ವಿ.ನೂ ಮಿನುಗ್ತದೆ, ನಮ್ಮವ್ವ ಅದರಲ್ಲೇ ಅಳ್ತಾ ಕೂತಿರ್ತಾಳೆ. ಒಸಿ ನಿದ್ದೆ ಮಾಡು. ಕ್ಲಾಸಲ್ಲಿ ಬೋರ್ಡ್‌ಗೆ ಒರಗಿಕೊಂಡು ತೂಕಡಿಸ್ತಿದ್ದೆಯಂತೆ, ಹುಡುಗರು ಹೇಳ್ತಿದ್ರು.”

“ಹುಡುಗ್ರು ಎದ್ದಿದ್ರಾ ಸಾರ್? ನಾನೊಬ್ಬಳೇ ಎದ್ದಿರೋದು ಅಂದ್ಕೊಂಡಿದ್ದೆ.”

ಅವರು ನಗುತ್ತಾ ಹೋದರು. ಸೆಂಟರಿನಲ್ಲಿ ವಿಂಡೋಸ್ ಪ್ರೋಗ್ರಾಮಿಂಗಿನ ಒಂದು ದಪ್ಪ ಪುಸ್ತಕವಿತ್ತು. ಅದನ್ನು ಅಕ್ಕಿ ಆರಿಸುವಾಗ, ಹಾಲು ಕಾಯುವಾಗ ಓದಿಕೊಂಡೇ ನಾನು ಇಷ್ಟು ದೂರ ಬಂದದ್ದು. ನಡುವೆ ಕೆಲವು ಅಧ್ಯಾಯಗಳು ಬಣ್ಣದ ಚಿತ್ರ, ಫೋಟೋ ತೋರಿಸುವವರಿಗೆ ಎಂದುಕೊಂಡು ಪುಟ ಮಗುಚಿದ್ದೆ. ನನಗೆ ಬೇಕಾದದ್ದು ಒಂದು ಗೆರೆ ಮಾತ್ರ.

ಸೋಮವಾರ ಅತ್ತೆ ಹಠ ಹಿಡಿದು ನಮ್ಮನ್ನು ಭೀಮನಬೀಡಿಗೆ ಹೊರಡಿಸಿದರು. ನಮ್ಮ ಜಮೀನು ಇರುವ ಊರು ಅದು, ಮನೆದೇವರು ಮಾದಪ್ಪನ ಸಣ್ಣ ಗುಡಿ ಅಲ್ಲಿದೆ. ಸ್ಕೂಲಿಗೆ ಹೋಗುವ ಮುಂಚೆ ಮಗು ಒಂದು ಸಲ ದೇವರ ಮುಖ ನೋಡಲಿ ಎಂದರು. ಯಾವ ಸ್ಕೂಲು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾವು ಹೋದಾಗ ಪೂಜೆ ಮಾಡುವ ತಮ್ಮಡಿ ದೇವರನ್ನು ತೊಳೆದು ಆಗಿತ್ತು. ಗರ್ಭಗುಡಿಯ ಬಾಗಿಲಿಗೆ ಅಡ್ಡವಾಗಿ ತೆರೆ ಎಳೆದರು. ಮಾಸಿದ ಕೆಂಪು ಬಟ್ಟೆ, ಕೆಳಗಿನ ಅಂಚು ಎಣ್ಣೆ ಹಿಡಿದು ಗಟ್ಟಿಯಾಗಿತ್ತು. ಒಳಗೆ ಬಳೆ ಬಳೆ ತಾಗಿದಂಥ ಸಣ್ಣ ಸದ್ದು, ಹೂವಿನ ವಾಸನೆ. ಮಿಕ್ಕ ಮಕ್ಕಳು ಕಂಬ ಸುತ್ತುತ್ತಿದ್ದವು. ನಯನಾಗೆ ಸದ್ದೂ ಸಿಗದು. ಆದರೂ ಅವಳು ಕದಲಲಿಲ್ಲ, ಆ ಬಟ್ಟೆಯನ್ನೇ ನೋಡುತ್ತಾ ನಿಂತಿದ್ದಳು. ಇಷ್ಟು ಹೊತ್ತು ಮುಖ ತಿರುಗಿಸದೆ ಅವಳು ಏನನ್ನಾದರೂ ನೋಡಿದ್ದನ್ನು ನಾನು ಕಂಡಿರಲಿಲ್ಲ.

“ಬಗ್ಗಿ ಇಣುಕ್‌ಬ್ಯಾಡ ಕೂಸು,” ಅತ್ತೆ ಅವಳ ಗಲ್ಲ ತಮ್ಮ ಕಡೆ ತಿರುಗಿಸಿಕೊಂಡು ಹೇಳಿದರು. “ಅರ್ಧ ಸಿಂಗಾರ ಆಗಿರೋ ದೇವ್ರ ನೋಡ್ಬಾರ್ದು. ಒಳ್ಗೆ ಎಲ್ಲಾ ಮುಗಿಸ್ಕತಾರೆ. ಆಮೇಕೆ ತೆರೆ ತೆಗೀತಾರೆ.”

ತೆರೆ ಸರಿಯಿತು. ದೀಪ, ವಿಭೂತಿ, ಬೆಳ್ಳಿಯ ಕಣ್ಣು, ಕೊರಳಿನ ತುಂಬ ಚೆಂಡುಹೂವು, ಎಲ್ಲವೂ ಒಂದೇ ಸಲಕ್ಕೆ. ನಯನಾ “ಆ” ಎಂದಳು. ಯಾರೂ ಹೇಳಿಕೊಡದೆ, ತಾನಾಗಿ, ಎದೆಯಿಂದ ಬಂದ ದನಿ.

ನಾನು ಚಿಕ್ಕಂದಿನಿಂದ ಎಷ್ಟೋ ಸಲ ಅಂಥ ತೆರೆಯ ಈಚೆ ನಿಂತವಳು. ಅವತ್ತು ಮಾತ್ರ ದೇವರು ಕಾಣಿಸಲಿಲ್ಲ. ಬೀದಿಗೆ ಕಾಣುವ ಹಾಗೆ ಅರ್ಧಕ್ಕೆ ಬಿಟ್ಟು ಬಂದ ನನ್ನ ರಂಗೋಲಿ ನೆನಪಾಯಿತು. ನಾನು ಒರೆಸುವುದನ್ನೂ ಬರೆಯುವುದನ್ನೂ ಮಗುವಿನ ಕಣ್ಣ ಮುಂದೆಯೇ ಮಾಡುತ್ತಿದ್ದೆ. ಅದು ಒಳಗೆ ಆಗಬೇಕು. ಮುಗಿದದ್ದು ಮಾತ್ರ ಹೊರಗೆ ಬರಬೇಕು.

“ಎಲ್ಲಿಗ್ ಓದ್ಯಮ್ಮಿ?” ಅತ್ತೆ ಮೊಣಕೈಯಿಂದ ತಿವಿದರು. “ಮಂಗಳಾರತಿ ತಕ. ತಮ್ಮಡಿ ಕೈ ಸುಟ್ಕತಾ ನಿಂತವ್ನೆ.”

ಪುಸ್ತಕದಲ್ಲಿ ನಾನು ಓದದೆ ಮಗುಚಿದ್ದ ಅಧ್ಯಾಯದಲ್ಲೇ ಅದು ಇತ್ತು. ಯಂತ್ರದ ನೆನಪಿನಲ್ಲಿ ವಿಂಡೋದಷ್ಟೇ ಉದ್ದಗಲದ, ಯಾರ ಕಣ್ಣಿಗೂ ಬೀಳದ ಒಂದು ಹಾಳೆ ತೆಗೆದುಕೊಳ್ಳಬೇಕು. ಒರೆಸುವುದು ಅಲ್ಲಿ, ಗೆರೆ ಎಳೆಯುವುದು ಅಲ್ಲಿ. ಎಲ್ಲ ಮುಗಿದ ಮೇಲೆ ಒಂದೇ ಆಜ್ಞೆಯಲ್ಲಿ ಆ ಹಾಳೆಯನ್ನು ಇಡಿಯಾಗಿ ಸ್ಕ್ರೀನಿಗೆ ಇಳಿಸಬೇಕು. ಯಂತ್ರ ಕೇಳಿದರೂ ಹೊರಗಡೆ ಒರೆಸಬೇಡ ಎನ್ನಬೇಕು. ಓದಲು ಸುಲಭ. ನಾನು ಅವಸರದಲ್ಲಿ ಪ್ರತಿ ಸಲವೂ ಹೊಸ ಹಾಳೆ ತೆಗೆದು, ಹಳೆಯದನ್ನು ಹಿಂದಿರುಗಿಸದೆ ಬಿಡುತ್ತಿದ್ದೆ. ಸ್ವಲ್ಪ ಹೊತ್ತು ಚೆನ್ನಾಗಿ ಓಡಿ, ತೊಳೆಯದ ಪಾತ್ರೆ ರಾಶಿಬಿದ್ದ ಬಚ್ಚಲಿನ ಹಾಗೆ ಯಂತ್ರ ಕಟ್ಟಿಕೊಂಡು ನಿಂತುಬಿಡುತ್ತಿತ್ತು. ಅದನ್ನು ಕಂಡುಹಿಡಿಯುವಷ್ಟರಲ್ಲಿ ಒಂದು ಪಾತ್ರೆ ಅನ್ನ ಸೀದುಹೋಯಿತು. ಇವರು ಮೇಲಿನ ಅನ್ನ ಬಡಿಸಿಕೊಂಡರು.

ಸರಿಯಾದ ದಿನ ನಾನು ಮೊದಲು ನಯನಾಳನ್ನು ಕರೆಯಲಿಲ್ಲ. ಒಬ್ಬಳೇ ಕೂತು ಮೈಕಿನ ಮುಂದೆ ಅವಳ ಹೆಸರು ಹೇಳಿದೆ. ಗೆರೆ ಕಟ್ಟೆಯೊಳಗಿನ ನೀರಿನ ಹಾಗೆ ಎದ್ದು, ತುಂಬಿ, ಇಳಿಯಿತು. ಎಲ್ಲೂ ಮಿನುಗಲಿಲ್ಲ. ಸಂತೋಷಕ್ಕಿಂತ ಹೆಚ್ಚಾಗಿ ಮೈಯೆಲ್ಲ ಸಡಿಲವಾಗಿ ನಿದ್ದೆ ಬಂದಂತಾಯಿತು.

ನಯನಾ ನೋಡಿದಳು. ಮುಖ ತಿರುಗಿಸಲಿಲ್ಲ. ಮೈಕನ್ನು ತಟ್ಟಲು ಹೋದ ಕೈಯನ್ನು ನಾನು ಹಿಡಿದುಕೊಂಡೆ. ಅವಳು ತುಟಿ ಮುಚ್ಚಿ, ತೆರೆದು, “ಪ” ಎಂದಳು. ಮೊನೆ ಎದ್ದಿತು. ಅದು ತನ್ನದೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಇನ್ನೊಮ್ಮೆ ಎಂದಳು. ಆಮೇಲೆ ಕರೆಂಟ್ ಹೋಗುವವರೆಗೂ ಬಿಡಲಿಲ್ಲ.

ದಿನಗಳು ಹೋದ ಹಾಗೆ ಪ, ಮಾ, ಅಮ್ಮ, ನೀರು, ಅಪ್ಪ ಎಲ್ಲ ಬಂದವು. ಗೆರೆ, ಮಾದರಿಗೆಂದು ನನ್ನ ದನಿಯಲ್ಲಿ ಬರೆದಿಟ್ಟ ಗೆರೆಯ ಹಾಗೆ ಬರುವತನಕ ಹೇಳುವಳು. ಅಜ್ಜಿಯನ್ನು ಕರೆದು ಕೂರಿಸಿ ಅವರ ಕೈಲೂ ‘ಪ’ ಹೇಳಿಸುವಳು. ಅತ್ತೆ ಎಲೆಅಡಿಕೆ ಬಾಯಲ್ಲಿ ಹೇಳಿದ ‘ಪ’ ಮೈಕಿನ ಮೇಲೆಲ್ಲ ಸಿಡಿದು, ಗೆರೆ ಸ್ಕ್ರೀನಿನ ನೆತ್ತಿ ಮುಟ್ಟಿತು.

“ನಂದೇ ದೊಡ್ದು ನೋಡು,” ಎಂದರು ಅತ್ತೆ.

ಆದರೆ ನಯನಾ ಹೇಳಿಕೊಟ್ಟದ್ದನ್ನು ಹೇಳುತ್ತಿದ್ದಳು, ಅಷ್ಟೇ. ಮೈಕು ಬಿಟ್ಟು ಎದ್ದರೆ ಮತ್ತೆ ಬೆರಳೇ. ನೀರು ಬೇಕಾದರೆ ಬಿಂದಿಗೆ ತೋರಿಸುವಳು. ಕಾದು ನೋಡಿದೆ, ಕೊಡದೆ ನೋಡಿದೆ. ಬಾಯಾರಿಕೆಯಲ್ಲೇ ಹೋಗಿ ಮಲಗಿದಳು. ನಾನೇ ಎಬ್ಬಿಸಿ ಕುಡಿಸಿದೆ.

“ಕಲ್ತಿದ್ದಾಳೆ, ಇಲ್ಲ ಅನ್ನಲ್ಲ,” ಎಂದರು ಇವರು, ಸ್ಕೂಟರ್ ಒರೆಸುತ್ತಾ, ನನ್ನ ಕಡೆ ನೋಡದೆ. “ಕೇಳೋದು ಬರ್ಲಿಲ್ವಲ್ಲ. ಹೆಡ್‌ಮಿಸ್ ಕೇಳಿದ್ದು ಅದನ್ನೇ. ಅಲ್ಲಿ ದಿನವೆಲ್ಲ ಕಲಿಸೋರು ಇರ್ತಾರೆ. ನೀನು ಕರೆಂಟ್ ಬಂದಾಗ ಕಲಿಸ್ತೀಯ.”

ಅದರಲ್ಲಿ ಸುಳ್ಳೇನಿರಲಿಲ್ಲ. ಶಾಲೆ ತೆರೆಯುವ ವಾರ ಬಂದೇಬಿಟ್ಟಿತ್ತು. ಅವಳ ಲಂಗ, ಟವೆಲ್ಲಿನ ಅಂಚಿಗೆ ಹೆಸರಿನ ಮೊದಲಕ್ಷರ ಹೊಲಿದೆ. ಅವಳು ಆಟಕ್ಕೆ ಹೋದಾಗ ಬೆಡ್‌ಶೀಟು ಎತ್ತಿ ಒಂದೊಂದನ್ನೇ ಒಳಗಿಟ್ಟು, ಮತ್ತೆ ಹೊದಿಸಿ, ಸುಕ್ಕು ಸರಿಮಾಡುತ್ತಿದ್ದೆ.

ಮೈಸೂರಿಗೆ ಹೋಗಬೇಕಾದ ದಿನದ ಹಿಂದಿನ ಬೆಳಿಗ್ಗೆ. ಬಾಗಿಲಿಗೆ ಚುಕ್ಕಿ ಇಟ್ಟಿದ್ದೆ. ಬಲ್ಬು ಹೊತ್ತಿಕೊಂಡಿತು. ಈ ಸಲ ಓಡಲಿಲ್ಲ, ಗೆರೆಗಳನ್ನೆಲ್ಲ ಮುಗಿಸಿದೆ. ಅತ್ತೆ ಜಗಲಿಯಿಂದ ನನ್ನನ್ನೇ ನೋಡುತ್ತಿದ್ದರು.

ಒಳಗೆ ಬಂದರೆ ನಯನಾ ಕುರ್ಚಿಯಲ್ಲಿರಲಿಲ್ಲ. ಕೋಣೆಯಲ್ಲಿ ಬೆಡ್‌ಶೀಟು ನೆಲಕ್ಕೆ ಬಿದ್ದಿತ್ತು. ಅವಳು ಟ್ರಂಕಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬಿಳಿ ಅಕ್ಷರಗಳ ಮೇಲೆ ಬೆರಳು ಆಡಿಸುತ್ತಿದ್ದಳು. ಮೊದಲ ‘ನ’, ಆಮೇಲೆ ‘ಯ’. ತನ್ನ ಹೆಸರು ಓದುವುದನ್ನು ಅವಳಿಗೆ ಕಲಿಸಿ ಬಹಳ ದಿನವಾಗಿತ್ತು. ಬೆಡ್‌ಶೀಟಿನ ಮೇಲೆ ಅವಳ ಬೆರಳಿನ ಹಳೆಯ ಗುರುತುಗಳೂ ಇದ್ದವು, ಕಡಲೆಪುರಿಯ ಎಣ್ಣೆ, ಖಾರದಪುಡಿ. ಇವತ್ತು ಮೊದಲ ಸಲವಲ್ಲ.

ನನ್ನನ್ನು ಕಂಡು ಎದ್ದಳು. ನಾನು ಅಲ್ಲೇ ಬಾಗಿಲಲ್ಲಿ ಕೂತು, ಕೈ ಚಾಚಿದೆ. ಅವಳು ಟ್ರಂಕನ್ನು ಬೆರಳಿನಿಂದ ತೋರಿಸಲು ಹೋದಳು. ಅರ್ಧಕ್ಕೆ ಕೈ ಇಳಿಸಿದಳು. ನನ್ನ ಪಕ್ಕದಿಂದ ದಾಟಿ ನಡುಮನೆಗೆ ಹೋಗಿ ಕುರ್ಚಿ ಹತ್ತಿ ಕೂತಳು. ಮಾತಾಡುವುದೆಂದರೆ ಆ ಜಾಗದಲ್ಲಿ ಎಂದು ಅವಳ ಎಣಿಕೆ. ನಾನು ಹಿಂದೆಯೇ ಹೋಗಿ ಪ್ರೋಗ್ರಾಂ ತೆರೆದೆ.

ಗೆರೆ ನೆಟ್ಟಗೆ ಮಲಗಿತ್ತು. ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿಯಂತ್ರದ ಡಬ್ಬಿಯನ್ನು ಎದೆಯ ಮೇಲೆ ಸರಿಮಾಡಿಕೊಂಡಳು. ತುಟಿಗಳನ್ನು ಸದ್ದಿಲ್ಲದೆ ಒಂದು ಸಲ ಆಡಿಸಿ ನೋಡಿದಳು. ಅಜ್ಜಿಯ ತುಟಿಯ ಮೇಲೆ ಎಷ್ಟೋ ದಿನದಿಂದ ನೋಡಿದ ಮಾತು ಅದು. ಗೆರೆ ಕದಲಲಿಲ್ಲ. ಹೊರಗೆ ಇವರ ಸ್ಕೂಟರ್ ಸದ್ದು ನಿಂತಿತು, ಅತ್ತೆ ಎದ್ದು ಹೊಸ್ತಿಲಿಗೆ ಬಂದರು.

ನಯನಾ ಉಸಿರೆಳೆದುಕೊಂಡಳು. ಸ್ಕ್ರೀನ್ ಕಡೆ ನೋಡುವುದನ್ನು ಬಿಟ್ಟು, ಕುರ್ಚಿಯಲ್ಲೇ ತಿರುಗಿ, ನನ್ನ ಮುಖ ನೋಡಿದಳು.

“ಅಮ್ಮಾ,” ಎಂದಳು. ಅವಳ ಹಿಂದೆ ಗೆರೆ ಎದ್ದು, ತುಂಬಿ, ಇಳಿಯಿತು. “ಪೆಟ್ಗೆ ನಂದಾ?”